ಭಾನುವಾರದ ಪೈಥಾನ್ ಪಾಠ ನಿಂತು ಹೋಗಿದೆ, ಮತ್ತೆ ಶುರು ಮಾಡೋಣವಾ?

ತುಂಗಾತೀರ
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಯಾರಾದರೂ ಇನ್ನೂ ಓದುತ್ತಿದ್ದೀರೋ ಇಲ್ಲವೋ ಗೊತ್ತಿಲ್ಲ. ಕೊನೆಯ ಬರಹ ನಾನೇ ಬರೆದದ್ದು: "ಮುಂದಿನ ತಿಂಗಳು ತಾರೀಕು ತಿಳಿಸುತ್ತೇವೆ." ಅದು ಲಾಕ್‌ಡೌನ್‌ಗೆ ಮುಂಚೆ. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ಹೊಸಬರಿಗಾಗಿ ಎರಡು ಮಾತು. ನಾವು ಕೆಲವರು ಸೇರಿಕೊಂಡು ಶಿವಮೊಗ್ಗದಲ್ಲಿ ಎರಡು ತಿಂಗಳಿಗೊಮ್ಮೆ ಒಂದು ಭಾನುವಾರ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್, ಅಂದರೆ ಕೋಡ್ ಬರೆಯುವುದು, ಹೇಳಿಕೊಡುತ್ತಿದ್ದೆವು. ಏನೂ ಗೊತ್ತಿಲ್ಲದವರಿಗೆ, ಮೊದಲಿನಿಂದ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ. ಫೀಸು ಇಲ್ಲ. ಮಧ್ಯಾಹ್ನ ಚಿತ್ರಾನ್ನ, ಮೊಸರನ್ನ. ಪಿಯುಸಿ ಹುಡುಗರು ಬರುತ್ತಿದ್ದರು, ಡಿಗ್ರಿ ಹುಡುಗಿಯರು ಬರುತ್ತಿದ್ದರು. ಒಂದು ಸಲ ಮಗಳನ್ನು ಬಿಡಲು ಬಂದ ತಾಯಿಯೊಬ್ಬರು ಸಂಜೆವರೆಗೆ ಕೂತು, ಮಗಳಿಗಿಂತ ಚೆನ್ನಾಗಿ ಮಾಡಿ ಹೋದರು.

ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ಬೀರು ಸರಿಸುವಾಗ ಹಿಂದೆ ಒಂದು ಬಟ್ಟೆ ಚೀಲ ಸಿಕ್ಕಿತು. ಒಳಗೆ ಹಸಿರು ಮತ್ತು ಗುಲಾಬಿ ಅಂಟುಚೀಟಿಗಳ ಕಟ್ಟು. ಅಂಟು ಪೂರ್ತಿ ಒಣಗಿದೆ. ಅದೇ ದಿನ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗಿ ಕೇಳಿದಳು: "ಅಕ್ಕ, ನೀವು ಕಂಪ್ಯೂಟರ್ ಕ್ಲಾಸ್ ಮಾಡ್ತಿದ್ರಂತೆ, ಈಗ ಇಲ್ವಾ?" "ಇದೆ, ಸ್ವಲ್ಪ ದಿನ ನಿಂತಿದೆ" ಅಂದುಬಿಟ್ಟೆ. ಆ ಸುಳ್ಳು ಮನಸ್ಸಿಗೆ ಚುಚ್ಚುತ್ತಾ ಇದೆ.

ಯಾರ್ಯಾರು ಬರುತ್ತೀರಿ? ಹಳೆಯ ಪಾಠ ಈಗಲೂ ನಡೆಯುತ್ತದಾ? ಹಾಲ್ ಯಾರು ಕೇಳುವುದು? ಇನ್ನೊಂದು: ನಮ್ಮ ನಾಲ್ಕು ಎಕ್ಸ್‌ಟೆನ್ಷನ್ ಬೋರ್ಡ್ ಯಾರ ಹತ್ತಿರ ಇವೆ?

ಹಳೇ ಮೇಷ್ಟ್ರು
ಭಾನುವಾರ ಬೆಳಿಗ್ಗೆ 6:15

ನಾನು ಓದುತ್ತಿದ್ದೇನಮ್ಮ. ನಿವೃತ್ತನಾದವನಿಗೆ ಬೇರೆ ಏನು ಕೆಲಸ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಕೊರೋನಾ ಬಂದು ನಿಂತಿತು ಅಂತ ನಾವೆಲ್ಲ ಹೇಳಿಕೊಂಡು ಓಡಾಡುತ್ತೇವೆ. ಅದು ಅನುಕೂಲದ ಉತ್ತರ. ಅದಕ್ಕೆ ಮುಂಚೆಯೇ ಕುಂಟುತ್ತಿತ್ತು. ಬೆಳಿಗ್ಗೆ ಡೈರಿ ತೆಗೆದು ನೋಡಿದೆ. ಕೊನೆಯ ಮೂರು ಭಾನುವಾರಗಳಲ್ಲಿ ಹೇಳಿಕೊಡಲು ಬಂದವರು ಮೊದಲು ಏಳು ಜನ, ಆಮೇಲೆ ನಾಲ್ಕು, ಆಮೇಲೆ ಇಬ್ಬರು. ಕಲಿಯುವವರು ಮಾತ್ರ ಪ್ರತಿ ಸಲ ಇಪ್ಪತ್ತೈದರ ಮೇಲೆ. ಕೊನೆಯ ದಿನ ನಾನು ಮತ್ತು ನೀನು ಇಬ್ಬರೇ, ನೆನಪಿದೆಯಾ? ಸಂಜೆ ಹೊತ್ತಿಗೆ ನನ್ನ ಗಂಟಲು ಕಟ್ಟಿ ಹೋಗಿತ್ತು.

ಇದರಲ್ಲಿ ತಪ್ಪು ನನ್ನದೇ ಜಾಸ್ತಿ. ಹಾಲ್ ಮಾಲೀಕರ ನಂಬರ್ ನನ್ನ ಫೋನಿನಲ್ಲಿ. ಹೆಸರು ಬರೆಸುವ ಫಾರಂ ನನ್ನ ಸ್ವಂತ ಖಾತೆಯಲ್ಲಿ. ವೆಬ್‌ಸೈಟಿನ ಪಾಸ್‌ವರ್ಡ್ ನನ್ನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ಅಡುಗೆಯವರಿಗೆ ಹೇಳುವವನು ನಾನು, ಬೀಗ ತೆಗೆಯುವವನು ನಾನು. ಯಾರಾದರೂ "ಸರ್, ಇದನ್ನು ನಾನು ನೋಡಿಕೊಳ್ಳಲಾ" ಅಂದರೆ "ಇರಲಿ ಬಿಡಿ, ನಿಮಗ್ಯಾಕೆ ತೊಂದರೆ" ಅನ್ನುತ್ತಿದ್ದೆ. ಅದನ್ನೇ ಒಳ್ಳೆಯತನ ಅಂದುಕೊಂಡಿದ್ದೆ. ಕೈಯಲ್ಲಿ ಕೆಲಸ ಇಲ್ಲದ ಮನುಷ್ಯ ಎಷ್ಟು ಭಾನುವಾರ ಸುಮ್ನೆ ಬಂದು ನಿಂತಾನು? ಒಬ್ಬೊಬ್ಬರೇ ಜಾರಿಕೊಂಡರು. ಆಮೇಲೆ ನನಗೆ ಕಣ್ಣಿನ ಆಪರೇಷನ್ ಆಯಿತು. ನಾನು ಮಲಗಿದೆ, ಅದೂ ಮಲಗಿತು.

ಬರುತ್ತೇನೆ, ಖಂಡಿತ ಬರುತ್ತೇನೆ. ಆದರೆ ನಡೆಸುವವನಾಗಿ ಅಲ್ಲ. ಒಂದು ಮೂಲೆಯಲ್ಲಿ ಮೂರು ಮಕ್ಕಳನ್ನು ಕೊಡಿ, ಸಾಕು.

ಬೋರ್ಡು ನನ್ನ ಹತ್ತಿರ ಇಲ್ಲ.

ಬಗ್ ಬೇಟೆ
ಭಾನುವಾರ ಬೆಳಿಗ್ಗೆ 11:02

ಮೇಷ್ಟ್ರೇ, ನೀವು ಇಷ್ಟು ಬಿಚ್ಚಿ ಹೇಳಿದ ಮೇಲೆ ನಾನೂ ಒಪ್ಪಿಕೊಳ್ಳುತ್ತೇನೆ. ಆ ಏಳರಲ್ಲಿ ಒಬ್ಬ ನಾನು. "ಆಫೀಸಲ್ಲಿ ರಿಲೀಸ್ ಇದೆ" ಅಂತ ಎರಡು ಸಲ ಹೇಳಿದ್ದೆ. ಒಂದು ಸಲ ಮಾತ್ರ ನಿಜ.

ಪ್ರಾಯಶ್ಚಿತ್ತವಾಗಿ ಹಳೆಯ ಪಾಠದ ಫೈಲುಗಳನ್ನು ಇಳಿಸಿಕೊಂಡು, ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲ ಸಾಲಿನಿಂದ ಮಾಡಿ ನೋಡಿದೆ. ಮೊದಲ ಸಾಲೇ ಓಡಲಿಲ್ಲ ಮಾರಾಯ್ರೇ. ನಮ್ಮ ಪಾಠ ಬರೆದಿದ್ದು ಪೈಥಾನ್ 2 ಅನ್ನುವ ಹಳೇ ಆವೃತ್ತಿಗೆ. ಅದರಲ್ಲಿ ಪರದೆಯ ಮೇಲೆ ತೋರಿಸು ಅನ್ನುವ ಪ್ರಿಂಟ್ ಆಜ್ಞೆಯ ಮುಂದೆ ಆವರಣ ಚಿಹ್ನೆ ಬೇಕಿರಲಿಲ್ಲ. ಪೈಥಾನ್ 2ರ ಆಯಸ್ಸು 2020ರ ಜನವರಿ 1ಕ್ಕೇ ಮುಗಿಯಿತು. ಪೈಥಾನ್ 3ರಲ್ಲಿ ಆವರಣ ಇಲ್ಲದಿದ್ದರೆ ನೇರ ತಪ್ಪು. ನಮ್ಮ 38 ಪುಟದಲ್ಲಿ ಪ್ರಿಂಟ್ ಇಲ್ಲದ ಪುಟ ಎರಡೋ ಮೂರೋ.

ಮಧ್ಯಾಹ್ನದ ಭಾಗ ಇನ್ನೂ ಕೆಟ್ಟಿದೆ. ಪುಟ್ಟ ವೆಬ್‌ಸೈಟ್ ಮಾಡಿಸಿ, ವೆಬ್‌ಸೈಟ್ ಓಡಿಸಲು ಜಾಗ ಕೊಡುವ ಹೆರೋಕುವಿನಲ್ಲಿ ಪುಕ್ಕಟೆ ಹಾಕಿಸುತ್ತಿದ್ದೆವಲ್ಲ, ಆ ಪುಕ್ಕಟೆ ಸೌಲಭ್ಯ 2022ರ ನವೆಂಬರ್‌ನಲ್ಲಿ ನಿಂತಿತು. ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್‌ಗೆ ಪಾಸ್‌ವರ್ಡ್ ಹಾಕಿ ಕೋಡ್ ಕಳಿಸುವುದನ್ನು ಅವರು 2021ರ ಆಗಸ್ಟ್‌ನಲ್ಲೇ ತೆಗೆದರು. ಈಗ ಟೋಕನ್ ಬೇಕು, ಇಲ್ಲಾಂದ್ರೆ ಕೀಲಿ ಮಾಡಿಕೊಳ್ಳಬೇಕು. ಹೊಸಬರಿಗೆ ಅದನ್ನು ಹೇಳಿಕೊಡುವ ಹೊತ್ತಿಗೆ ಕತ್ತಲಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಧ್ಯಾಹ್ನದ ಭಾಗವನ್ನು ಪೂರ್ತಿ ಬಿಟ್ಟುಬಿಡೋಣ. ರಿಪೇರಿಗೆ ಕೂತರೆ ಆರು ತಿಂಗಳು ಹೋಗುತ್ತದೆ, ಆಮೇಲೆ ಯಾರೂ ಕಾರ್ಯಾಗಾರ ಮಾಡುವುದಿಲ್ಲ. ನಾನು ನನ್ನನ್ನೇ ಬಲ್ಲೆ.

ಬೆಂಗಳೂರು ಬಾಡಿಗೆದಾರ
ಭಾನುವಾರ ಮಧ್ಯಾಹ್ನ 1:30

ಊರಿನ ಸುದ್ದಿ ಓದಿ ಖುಷಿಯಾಯಿತು. ನಾನು ಈ ಸಲ ಪೂರ್ತಿ ಕೈ ಜೋಡಿಸುತ್ತೇನೆ. ನನ್ನ ಕೆಲವು ಯೋಚನೆ: ಮೊದಲು ಒಂದು ಟ್ರಸ್ಟ್ ನೋಂದಣಿ ಮಾಡಿಸೋಣ. ಒಳ್ಳೆಯ ಹೆಸರು, ಲೋಗೋ, ಹೊಸ ವೆಬ್‌ಸೈಟ್. ಆರು ವಾರದ ಪಠ್ಯ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೆ ಅರ್ಜಿ. ಆಮೇಲೆ ಜಿಲ್ಲೆಯ ಎಲ್ಲ ತಾಲ್ಲೂಕಿಗೂ ಹೋಗಬಹುದು.

ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿದೆ, ಬೇಜಾರು ಮಾಡಿಕೊಳ್ಳಬೇಡಿ. 2022ರ ಕೊನೆಗೆ ಚಾಟ್‌ಜಿಪಿಟಿ ಅನ್ನುವ ಎಐ ಬಂದ ಮೇಲೆ ಕೋಡ್ ಬರೆಯುವ ರೀತಿಯೇ ಬದಲಾಗಿದೆ. ನಮ್ಮ ಆಫೀಸಿನಲ್ಲಿ ಅರ್ಧ ಕೋಡ್ ಅದೇ ಬರೆಯುತ್ತದೆ. ಈಗ ಹೊಸಬರನ್ನು ಕೂರಿಸಿಕೊಂಡು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಹೇಳಿಕೊಡುವುದರಲ್ಲಿ ಅರ್ಥ ಇದೆಯಾ?

ತೋಟದ ಮನೆ
ಭಾನುವಾರ ಮಧ್ಯಾಹ್ನ 2:10

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದೀರಿ ಸ್ವಾಮಿ. ಲೋಗೋ ಬೇಕಿದ್ದರೆ ಆಮೇಲೆ ಒಂದು ಅಡಿಕೆ ಮರ ಬರೆದರಾಯಿತು.

ಸಾಗರದ ಕಡೆಯವಳು
ಭಾನುವಾರ ಸಂಜೆ 7:48

ನಮಸ್ತೆ. ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ಹೇಳಿಕೊಡುವವರಲ್ಲಿ ಒಬ್ಬಳಲ್ಲ, ನಿಮ್ಮ ಆ ಕೊನೆಯ ಕೆಲವು ಭಾನುವಾರಗಳಲ್ಲಿ ಒಂದರಂದು ಕಲಿಯಲು ಬಂದವಳು. ಆಗ ಎರಡನೇ ವರ್ಷದ ಬಿಕಾಂ. ಮೇಷ್ಟ್ರು ಬರೆದದ್ದು ಓದಿ ನಾನು ಬಂದ ದಿನ ಕಣ್ಣ ಮುಂದೆ ಬಂತು. ಕೋಪ ಮಾಡಿಕೊಳ್ಳುವುದಿಲ್ಲ ಅಂದರೆ ಆ ಕಡೆಯಿಂದ ಹೇಗೆ ಕಾಣುತ್ತಿತ್ತು ಅಂತ ಹೇಳುತ್ತೇನೆ.

ಬೆಳಿಗ್ಗೆ ಐದೂವರೆಗೆ ಎದ್ದು ಬಸ್ಸು ಹಿಡಿದು ಬಂದಿದ್ದೆ. ಅಣ್ಣನ ಹಳೇ ಲ್ಯಾಪ್‌ಟಾಪ್. ಪೈಥಾನ್ ಹಾಕುವಾಗ ಕೆಳಗೆ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತಂತೆ, ಪಾತ್ ಅಂತ ಏನೋ. ನಾನು ಹಾಕಲಿಲ್ಲ, ಪೈಥಾನ್ ಓಡಲೇ ಇಲ್ಲ. ನನಗೆ ಮಾತ್ರ ಅಲ್ಲ, ನಮ್ಮ ಸಾಲಿನಲ್ಲಿ ಐದು ಜನಕ್ಕೂ ಹಾಗೇ ಆಯಿತು. ಹಾಲಿನ ವೈಫೈ ಒಂದೇ, ಎಲ್ಲರೂ ಒಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ನನ್ನದು ಸರಿಯಾದಾಗ ಊಟದ ಹೊತ್ತು. ಮೂರು ಗಂಟೆಗೆ ನಾನು ಹೊರಡಬೇಕಿತ್ತು, ಆಮೇಲೆ ನಮ್ಮ ಹಳ್ಳಿಗೆ ಕೊನೇ ಬಸ್ಸು ಸಿಗುವುದಿಲ್ಲ. ಅಂದರೆ ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ಮನೆ ಬಿಟ್ಟು ಇದ್ದು, ಪೈಥಾನ್ ಮಾಡಿದ್ದು ಒಂದು ಗಂಟೆ.

ಇನ್ನೊಂದು ಹೇಳಲೇಬೇಕು. ಸಹಾಯ ಮಾಡಲು ಬರುವ ಅಣ್ಣಂದಿರು ಬಹಳ ಒಳ್ಳೆಯವರು. ಆದರೆ ಬಂದ ಕೂಡಲೇ ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ಟಕಟಕ ಅಂತ ಏನೋ ಹೊಡೆದು "ಆಯ್ತು ನೋಡಿ" ಅಂತ ಹೋಗಿಬಿಡುತ್ತಿದ್ದರು. ಏನು ಆಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ನಾಚಿಕೆ. ಪಕ್ಕದವಳ ಪರದೆ ನೋಡಿ ಅವಳು ಹೊಡೆದದ್ದೇ ನಾನೂ ಹೊಡೆದೆ. ಅವಳು ನನ್ನದು ನೋಡಿ ಹೊಡೆಯುತ್ತಿದ್ದಳಂತೆ, ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆದರೂ ಆ ಒಂದು ಗಂಟೆಯಲ್ಲಿ ಎರಡರ ಮಗ್ಗಿ ಪರದೆಯ ಮೇಲೆ ತಾನಾಗಿ ಸುರಿದದ್ದು ನೋಡಿದೆನಲ್ಲ, ಆಮೇಲೆ ಎರಡನ್ನು ಹದಿನೇಳು ಮಾಡಿದೆ. ಹದಿನೇಳರ ಮಗ್ಗಿ ನನಗೆ ಯಾವತ್ತೂ ಬಾಯಿಪಾಠ ಬಂದಿರಲಿಲ್ಲ. ಅದು ಬಂತು! ಈಗ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ, ಉಳಿದದ್ದು ಸ್ವಂತ ಕಲಿತೆ. ಮತ್ತೆ ಮಾಡುವುದಾದರೆ ಬರುತ್ತೇನೆ. ಹೇಳಿಕೊಡಲು ಬರಬಹುದಾ?

ಬಗ್ ಬೇಟೆ
ಭಾನುವಾರ ರಾತ್ರಿ 8:20

ಆ ಕೀಬೋರ್ಡ್ ಎಳೆದುಕೊಂಡ ಅಣ್ಣಂದಿರಲ್ಲಿ ನಾನೂ ಒಬ್ಬನಿದ್ದೆ ಅನ್ನಿಸುತ್ತದೆ, ಆ ದಿನ ಅಲ್ಲದಿದ್ದರೂ ಬೇರೆ ದಿನ. ಕ್ಷಮಿಸಿ. ನೀವು ಬರಲೇಬೇಕು.

ಹಳೇ ಮೇಷ್ಟ್ರು
ಭಾನುವಾರ ರಾತ್ರಿ 8:55

ಮಗಳೇ, ನೀನು ಬರೆದದ್ದು ಎರಡು ಸಲ ಓದಿದೆ. ಹೇಳಿಕೊಡಲು ಬರಬಹುದಾ ಅಂತ ಕೇಳಬೇಡ, ಯಾವ ಸಾಲು ಬೇಕು ಅಂತ ಕೇಳು.

ಬಾಡಿಗೆದಾರರ ಪ್ರಶ್ನೆಗೆ ಉತ್ತರ ನಿನ್ನ ಮಾತಿನಲ್ಲೇ ಇದೆ. ಎಐ ಕೋಡ್ ಬರೆದುಕೊಡುತ್ತದೆ, ನಿಜ. ಅದೂ ಕೀಬೋರ್ಡ್ ಎಳೆದುಕೊಳ್ಳುವ ಅಣ್ಣನೇ, ಸ್ವಲ್ಪ ಜಾಸ್ತಿ ವೇಗದ ಅಣ್ಣ. "ಆಯ್ತು ನೋಡಿ" ಅಂತ ಹೋಗುತ್ತದೆ. ಏನು ಆಯಿತು ಅಂತ ಓದಲು ಬರುವವನಿಗೆ ಅದರಿಂದ ಲಾಭ. ಓದಲು ಬಾರದವನು ಏನನ್ನು ಕೇಳಬೇಕು ಅನ್ನುವುದೂ ಗೊತ್ತಾಗದೆ ಕೂರುತ್ತಾನೆ. ನಿಮ್ಮ ಆಫೀಸಿನ ಅರ್ಧ ಕೋಡ್ ಅದು ಬರೆಯುತ್ತದೆ ಅಂದಿರಿ. ಅದು ಸರಿ ಇದೆಯೋ ಇಲ್ಲವೋ ಅಂತ ನೋಡುವವರು ಯಾರು?

ಬೆಂಗಳೂರು ಬಾಡಿಗೆದಾರ
ಭಾನುವಾರ ರಾತ್ರಿ 9:15

ನಾನೇ ನೋಡುವುದು ಸರ್. ಸೋತೆ. ಟ್ರಸ್ಟು, ಲೋಗೋ ವಾಪಸ್ ತೆಗೆದುಕೊಂಡೆ.

ತುಂಗಾತೀರ
ಸೋಮವಾರ ರಾತ್ರಿ 10:05

ಸಾಗರದವರ ಬರಹ ಓದಿದ ಮೇಲೆ ನಿನ್ನೆ ನಿದ್ದೆ ಬರಲಿಲ್ಲ. ನಾವು ಸಂಜೆ ಫೀಡ್‌ಬ್ಯಾಕ್ ಚೀಟಿ ತೆಗೆದುಕೊಳ್ಳುತ್ತಿದ್ದೆವು, ಎಲ್ಲರೂ "ತುಂಬಾ ಚೆನ್ನಾಗಿತ್ತು" ಅಂತಲೇ ಬರೆಯುತ್ತಿದ್ದರು. ಮೂರು ಗಂಟೆಗೆ ಎದ್ದು ಹೋದವರ ಚೀಟಿ ನಮ್ಮ ಕೈಗೆ ಬರಲೇ ಇಲ್ಲ ಅನ್ನುವುದು ಈಗ ಹೊಳೆಯಿತು.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ಓದಿದೆ. ಜಾಂಗೋ ಗರ್ಲ್ಸ್ ಅಂತ ಇದೆ, ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರೋಗ್ರಾಮಿಂಗ್ ಕಾರ್ಯಾಗಾರ ಮಾಡುವವರು. 2014ರಲ್ಲಿ ಬರ್ಲಿನ್‌ನ ಯೂರೋಪೈಥಾನ್ ಎಂಬ ಪೈಥಾನ್ ಬಳಸುವವರ ಸಮ್ಮೇಳನದ ಹೊತ್ತಿಗೆ ಓಲಾ ಸಿತಾರ್ಸ್ಕಾ, ಓಲಾ ಸೆಂದೆತ್ಸ್ಕಾ ಎಂಬ ಇಬ್ಬರು ಶುರು ಮಾಡಿದ್ದು. ಆಮೇಲೆ ಎಷ್ಟೋ ದೇಶಗಳಲ್ಲಿ ಅಲ್ಲಲ್ಲಿನವರೇ ನಡೆಸಿದರು. ಅದು ಹಾಗೆ ಹರಡಲು ಒಂದು ಕಾರಣ ನನಗೆ ಕಂಡದ್ದು: ಪಾಠ ಮಾತ್ರ ಅಲ್ಲ, ಹಾಲ್ ಹೇಗೆ ನೋಡಬೇಕು, ಕಾಗದ ಹೇಗೆ ಬರೆಯಬೇಕು ಅನ್ನುವುದನ್ನೂ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಯಾರೋ ಒಬ್ಬರ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಟ್ಟಿಲ್ಲ. (ಮೇಷ್ಟ್ರೇ, ಸುಮ್ನೆ ತಮಾಷೆಗೆ.)

ಅವರದು ಎರಡು ಪದ್ಧತಿ ನಮಗೆ ಬೇಕು ಅನ್ನಿಸಿತು. ಮೂವರು ಕಲಿಯುವವರಿಗೆ ಒಬ್ಬರು ಹೇಳಿಕೊಡುವವರು. ನಾವು ಕೊನೇ ದಿನ ಇಪ್ಪತ್ತೈದಕ್ಕೆ ಇಬ್ಬರು! ಇನ್ನೊಂದು, ಕಾರ್ಯಾಗಾರದ ಹಿಂದಿನ ಸಂಜೆ ಎಲ್ಲರೂ ಸೇರಿ ಸಾಫ್ಟ್‌ವೇರ್ ಹಾಕಿಕೊಳ್ಳುವುದು. ಆದರೆ ಇದು ನಮ್ಮಲ್ಲಿ ನಡೆಯುವುದಿಲ್ಲ ಅಲ್ವಾ? ಸಾಗರದಿಂದ, ತೀರ್ಥಹಳ್ಳಿಯಿಂದ ಬರುವವರು ಹಿಂದಿನ ಸಂಜೆ ಬಂದು ಎಲ್ಲಿ ಉಳಿಯಬೇಕು?

ಬಗ್ ಬೇಟೆ
ಸೋಮವಾರ ರಾತ್ರಿ 11:30

ಅದಕ್ಕೆ ಪೆನ್‌ಡ್ರೈವ್ ಇದೆ. ಥಾನಿ ಅಂತ ಒಂದು ಪುಟ್ಟ ತಂತ್ರಾಂಶ, ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಹೊಸಬರಿಗೆಂದೇ ಮಾಡಿದ್ದು. ಪೈಥಾನ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಬೇರೆ ಹಾಕಬೇಕಿಲ್ಲ, ಆ ಪಾತ್ ಚೌಕದ ಗೋಳೂ ಇಲ್ಲ. ಬೆಳಿಗ್ಗೆ ಬಾಗಿಲಲ್ಲಿ ಹೆಸರು ಬರೆಸುವಾಗಲೇ ಪೆನ್‌ಡ್ರೈವ್‌ನಿಂದ ನಕಲು ಮಾಡಿಕೊಟ್ಟರೆ ವೈಫೈ ಮುಟ್ಟುವುದೇ ಬೇಡ. ಒಂದೊಂದು ಹೆಜ್ಜೆಯಾಗಿ ಕೋಡ್ ಓಡಿಸಿ, ಆಗ ಯಾವ ಹೆಸರಿನಲ್ಲಿ ಯಾವ ಬೆಲೆ ಇದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ನಮ್ಮ ಕರಿಹಲಗೆಯ ಡಬ್ಬಿ ಚಿತ್ರಕ್ಕಿಂತ ಚೆನ್ನಾಗಿ.

ಹಳೇ ಲ್ಯಾಪ್‌ಟಾಪಿನವರ ಬಗ್ಗೆ ಮಾತ್ರ ಎಚ್ಚರ ಬೇಕು. ವಿಂಡೋಸ್ 7 ಇರುವ ಯಂತ್ರದಲ್ಲಿ ಪೈಥಾನ್ 3.9 ಮತ್ತು ಅದರ ಮೇಲಿನದು ಓಡುವುದಿಲ್ಲ. 3.8ಕ್ಕೇ ನಿಲ್ಲಬೇಕು. ಓಡುತ್ತದಲ್ಲ, ಸಾಕು ಅಂದುಕೊಳ್ಳಬೇಡಿ. ಹೊಸಬರು ಮಾಡುವ ದೊಡ್ಡ ತಪ್ಪು ಆವರಣ ಮುಚ್ಚದಿರುವುದು. ಹಳೇ ಪೈಥಾನ್ ಎಷ್ಟೋ ಸಲ ಅದರ ಮುಂದಿನ ಸಾಲನ್ನು ತೋರಿಸಿ "ವ್ಯಾಕರಣ ತಪ್ಪು" ಅನ್ನುತ್ತದೆ. ಹುಡುಗರು ಸರಿ ಇರುವ ಸಾಲನ್ನು ಅರ್ಧ ಗಂಟೆ ದಿಟ್ಟಿಸುತ್ತಾರೆ. 3.10ರಿಂದ ಈಚೆಗೆ "ಈ ಆವರಣ ಮುಚ್ಚಿಲ್ಲ" ಅಂತ ಸರಿಯಾದ ಜಾಗವನ್ನೇ ಹೇಳುತ್ತದೆ. ಹಾಗಾಗಿ ವಿಂಡೋಸ್ 7 ತಂದವರನ್ನು ಹೊಸ ಯಂತ್ರ ಇರುವವರ ಜೊತೆ ಜೋಡಿಯಾಗಿ ಕೂರಿಸೋಣ. ಅರ್ಧ ಗಂಟೆಗೊಮ್ಮೆ ಕೀಬೋರ್ಡ್ ಅದಲು ಬದಲು.

ತೋಟದ ಮನೆ
ಮಂಗಳವಾರ ಬೆಳಿಗ್ಗೆ 5:50

ನನ್ನದು ಪಾಠದ ಒಳಗಿನ ತಕರಾರು. ಹಳೇ ಪಾಠದಲ್ಲಿ ಡಾಲರಿನಲ್ಲಿ ಪಿಜ್ಜಾ ಹಂಚಿಕೊಳ್ಳುವ ಲೆಕ್ಕ ಇತ್ತು. ಯಾರೋ ಎಲ್ಲಿಂದಲೋ ಎತ್ತಿ ಹಾಕಿದ್ದು. ನಮ್ಮ ಮಂಡಿಯಲ್ಲಿ ದಿನಾ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ತರದ ಅಡಿಕೆಗೆ ನಾಲ್ಕು ರೇಟು ಕೂಗುತ್ತಾರೆ. ಮನೆಯಲ್ಲಿ ಇಷ್ಟು ಕ್ವಿಂಟಾಲ್ ಇದೆ, ಇವತ್ತು ಹಾಕಿದರೆ ಎಷ್ಟು, ಖರ್ಚು ಕಳೆದು ಕೈಗೆಷ್ಟು? ಇದು ನಮ್ಮ ಕಡೆ ಹತ್ತನೇ ಕ್ಲಾಸಿನ ಹುಡುಗನಿಗೂ ಬಾಯಲ್ಲಿ ಬರುವ ಲೆಕ್ಕ. ನಾಲ್ಕು ಹೆಸರು, ನಾಲ್ಕು ಬೆಲೆ ಅಂದ ಕೂಡಲೇ, ಹೆಸರಿಗೊಂದು ಬೆಲೆ ಜೋಡಿಸಿಡುವ ಪೈಥಾನ್ ಡಿಕ್ಷನರಿಯ ಪಾಠ ಅಲ್ಲೇ ಮುಗಿಯಿತು. "ರೇಟು ಇಷ್ಟಕ್ಕಿಂತ ಜಾಸ್ತಿ ಇದ್ದರೆ ಕೊಡು, ಇಲ್ಲದಿದ್ದರೆ ಇಟ್ಟುಕೋ" ಅಂದರೆ ಇಫ್ ಮತ್ತು ಎಲ್ಸ್.

ಇನ್ನೊಂದು ಗೊತ್ತಾ? ಪೈಥಾನ್ 3ರಲ್ಲಿ ಬೆಲೆ ಇಡುವ ಡಬ್ಬಿಗಳ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ರಾಶಿ, ಬೆಟ್ಟೆ, ಒಟ್ಟು ಅಂತಲೇ ಬರೆದು ಓಡಿಸಿದೆ. ಓಡಿತು. ತಮಾಷೆಗೆ ೧೨ ಅಂತ ಕನ್ನಡ ಅಂಕಿ ಹೊಡೆದು, ಬರಹವನ್ನು ಸಂಖ್ಯೆ ಮಾಡುವ ಇಂಟ್‌ಗೆ ಕೊಟ್ಟೆ, ಅದನ್ನೂ ಹನ್ನೆರಡು ಅಂತ ಒಪ್ಪಿಕೊಂಡಿತು. ನಮ್ಮಪ್ಪನಿಗೆ ತೋರಿಸಿದೆ. "ಹಾಗಾದ್ರೆ ನಿನ್ನ ಕಂಪ್ಯೂಟರಿಗೆ ಕನ್ನಡ ಬರುತ್ತೆ, ಸುಮ್ನೆ ಬರಲ್ಲ ಅಂತ ನಾಟಕ" ಅಂದರು.

ಬಗ್ ಬೇಟೆ
ಮಂಗಳವಾರ ಬೆಳಿಗ್ಗೆ 9:25

ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಎರಡು ಗುಂಡಿ ನಾನು ಬಿದ್ದು ಎದ್ದಿದ್ದೇನೆ.

ಒಂದು: ಹೆಸರಿನ ಮಧ್ಯೆ ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. "ಬಸ್‌ದರ" ಅಂತ ಬರೆಯುವಾಗ "ಸ್" ಕೆಳಗೆ "ದ" ಒತ್ತು ಆಗದಂತೆ ತಡೆಯುವುದು ಅದೇ. ಪೈಥಾನ್ ಹೆಸರುಗಳ ಒಳಗೆ ಅದನ್ನು ಒಪ್ಪುವುದಿಲ್ಲ. ಪರದೆಯ ಮೇಲೆ ಎಲ್ಲ ಸರಿ ಕಾಣುತ್ತದೆ, ತಪ್ಪು ಮಾತ್ರ ಹೋಗುವುದಿಲ್ಲ. ನನ್ನ ಒಂದು ಸಂಜೆ ಪೂರ್ತಿ ತಿಂದಿತು.

ಎರಡನೆಯದು ಇನ್ನೂ ಚೆನ್ನಾಗಿದೆ. ತಿರುಗಿಸಿ ಓದಿದರೂ ಅದೇ ಬರುವ ಪದ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ತೆನಾಲಿ ರಾಮನ "ವಿಕಟಕವಿ" ಅಲ್ವಾ? ಹಳೇ ಪಾಠದಲ್ಲಿ ಪದ ತಿರುಗಿಸಿ ನೋಡುವ ಪ್ರೋಗ್ರಾಂ ಇದೆ. ಅದಕ್ಕೆ ವಿಕಟಕವಿ ಕೊಟ್ಟೆ. "ಅಲ್ಲ" ಅಂದಿತು! ಅಕ್ಷರ ಎಷ್ಟು ಅಂತ ಕೇಳಿದರೆ ನಾವು ಐದು ಅಂತೀವಿ, ಅದು ಏಳು ಅನ್ನುತ್ತದೆ. ಯಾಕೆ ಅಂದರೆ ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಯುನಿಕೋಡ್ ಪದ್ಧತಿಯಲ್ಲಿ "ವಿ" ಒಂದೇ ಅಲ್ಲ, "ವ" ಮತ್ತು ಗುಡಿಸು ಎರಡು. ತಿರುಗಿಸಿದಾಗ ಗುಡಿಸು ಮೊದಲು ಬಂದು, ನೇತು ಹಾಕಿಕೊಳ್ಳಲು ಅಕ್ಷರವಿಲ್ಲದೆ ಒಂದು ಚುಕ್ಕಿ ವೃತ್ತದ ಮೇಲೆ ಕೂರುತ್ತದೆ. ಹಿಂದಿನ "ವಿ" ಬೋಳಾಗಿ "ವ" ಆಗುತ್ತದೆ. ಅಕ್ಷರವನ್ನು ಗುಣಿತದ ಸಮೇತ ಬಿಡಿಸಬೇಕಾದರೆ ಬೇರೆಯವರು ಬರೆದಿಟ್ಟ ಕೋಡ್, ಅಂದರೆ ಒಂದು ಪ್ಯಾಕೇಜ್ ಬೇಕು.

ಇದನ್ನು ಪಾಠದಿಂದ ತೆಗೆಯೋಣ ಅಂತ ಮೊದಲು ಅನ್ನಿಸಿತು.

ಹಳೇ ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 10:10

ತೆಗೆಯಲೇಬೇಡಿ! ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಕಂಪ್ಯೂಟರ್ ಅಕ್ಷರವನ್ನು ಹೇಗೆ ಇಟ್ಟುಕೊಳ್ಳುತ್ತದೆ ಅಂತ ಹೇಳಲು ಇಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರಿಗೂ ನಿದ್ದೆ ಬರುವ ಹೊತ್ತಿಗೆ ಇದನ್ನು ಇಡಿ. ಕಂಪ್ಯೂಟರ್ ತಪ್ಪು ಹೇಳುತ್ತಿದೆ ಅಂತ ಮಕ್ಕಳಿಗೇ ಗೊತ್ತಿರುವ ಒಂದೇ ಲೆಕ್ಕ ಇದು. ಆಮೇಲೆ ಅವರು ಕಂಪ್ಯೂಟರಿಗೆ ಹೆದರುವುದಿಲ್ಲ.

ಆರನೇ ಸೆಮ್
ಮಂಗಳವಾರ ಸಂಜೆ 6:00

ಸರ್, ಮೇಡಂ, ನಾನು ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಕ್ಲಾಸಿನಿಂದ ಎಂಟ್ಹತ್ತು ಜನ ಬರುತ್ತಾರೆ. ಆದರೆ ಸತ್ಯ ಹೇಳುತ್ತೇನೆ, ಎಲ್ಲರೂ ಸೇವೆ ಅಂತ ಬರುವುದಿಲ್ಲ. ನಮಗೆ ಡಿಗ್ರಿ ಮುಗಿಯುವುದರೊಳಗೆ, ಸಮಾಜದ ಕೆಲಸ ಮಾಡಿದ್ದಕ್ಕೆ ಸಿಗುವ ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಆಕ್ಟಿವಿಟಿ ಪಾಯಿಂಟ್ 100 ಬೇಕು. ಅದಕ್ಕೆ ಸರ್ಟಿಫಿಕೇಟ್ ಬೇಕು. ಕೊಡುತ್ತೀರಾ?

ತೋಟದ ಮನೆ
ಮಂಗಳವಾರ ಸಂಜೆ 6:40

ಇದೇ ಬೇಡ ಅನ್ನುವುದು ನಾನು. ಸರ್ಟಿಫಿಕೇಟ್ ಆಸೆಗೆ ಬಂದವರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಸಾಗರದ ಕಡೆಯವಳು
ಮಂಗಳವಾರ ರಾತ್ರಿ 8:30

ಹೋಗಲಿ ಬಿಡಿ ಅಣ್ಣ, ನಾನು ಮೊದಲ ಸಲ ಬಂದದ್ದೂ ಸರ್ಟಿಫಿಕೇಟ್ ಸಿಗುತ್ತೆ ಅಂತಲೇ. ಸಂಜೆ ಐದಕ್ಕೆ ಕೊಡುತ್ತಿದ್ದರು, ನಾನು ಮೂರಕ್ಕೆ ಹೊರಟೆ, ಸಿಗಲಿಲ್ಲ. ಯಾವ ಆಸೆಗೆ ಬಂದರೂ ಬಂದ ಮೇಲೆ ಏನು ಮಾಡುತ್ತಾರೆ ನೋಡೋಣ. ಹಿಂದಿನ ಭಾನುವಾರ ಒಂದು ಗಂಟೆ ಅವರಿಗೇ ತರಬೇತಿ ಇಡಿ. ಒಂದೇ ನಿಯಮ: ಕೈ ಹಿಂದೆ ಕಟ್ಟಿಕೊಂಡು ಹೇಳಿಕೊಡಬೇಕು. ಕೀಬೋರ್ಡ್ ಮುಟ್ಟಿದವರಿಗೆ ಪಾಯಿಂಟ್ ಇಲ್ಲ.

ಬಗ್ ಬೇಟೆ
ಮಂಗಳವಾರ ರಾತ್ರಿ 8:34

ಈ ನಿಯಮ ನನಗೂ ಅನ್ವಯ ಅಂತ ಇಲ್ಲೇ ಬರೆದುಕೊಡುತ್ತೇನೆ.

ತುಂಗಾತೀರ
ಬುಧವಾರ ರಾತ್ರಿ 9:50

ಸರಿ. ಮಾತು ಬೆಳೆಯುವುದಕ್ಕೆ ಮುಂಚೆ ಯಾರಿಗೆ ಯಾವ ಕೆಲಸ ಅಂತ ಹಂಚಿಬಿಡುತ್ತೇನೆ. ಬೇಡ ಅನ್ನುವವರು ನಾಳೆಯೊಳಗೆ ಹೇಳಿ.

ಕಲಿಯುವವರು ಹನ್ನೆರಡು ಜನ ಮಾತ್ರ. ಹದಿಮೂರನೆಯವರಿಗೆ ಮುಂದಿನ ಸಲ. ಹೇಳಿಕೊಡುವವರು ನಾಲ್ವರು, ಜೊತೆಗೆ ಒಬ್ಬರು ಯಾರ ಸಾಲನ್ನೂ ನೋಡಿಕೊಳ್ಳದೆ ಬಾಗಿಲು, ಊಟ, ಕರೆಂಟು ನೋಡುತ್ತಾರೆ. ಆ ಒಬ್ಬರು ಈ ಸಲ ನಾನು, ಮುಂದಿನ ಸಲ ಬೇರೆಯವರು. ಹಾಲ್ ಮಾಲೀಕರ ಹತ್ತಿರ ಮೇಷ್ಟ್ರ ಜೊತೆ ನಾನೂ, ಆರನೇ ಸೆಮ್ ಅವರೂ ಹೋಗುತ್ತೇವೆ, ಮೂರು ಜನರ ನಂಬರೂ ಅವರ ಬಳಿ ಇರಲಿ. ಪಾಸ್‌ವರ್ಡುಗಳು ಇಬ್ಬರ ಬಳಿ. ಪಾಠ ಕಡಿಮೆ ಮಾಡುವ ಕೆಲಸ ಬಗ್ ಬೇಟೆಯವರದು, 38 ಪುಟ ಹತ್ತಕ್ಕೆ ಇಳಿಯಬೇಕು. ಅಡಿಕೆ ಲೆಕ್ಕ ತೋಟದ ಮನೆಯವರದು. ಮಾಡಿದ ಮೇಲೆ ಸಾಗರದವರು ಮೊದಲು ಓದಿ, ಎಲ್ಲಿ ಅರ್ಥವಾಗಲಿಲ್ಲ ಅಂತ ಗುರುತು ಹಾಕುತ್ತಾರೆ.

ಹತ್ತಕ್ಕೆ ಶುರು, ಎರಡೂವರೆಗೆ ಮುಕ್ತಾಯ. ಕೊನೇ ಬಸ್ಸಿನ ಪ್ರಕಾರ ಪಾಠ, ಪಾಠದ ಪ್ರಕಾರ ಬಸ್ಸಲ್ಲ.

ಅಂಟುಚೀಟಿ ಉಳಿಸಿಕೊಳ್ಳುತ್ತೇವೆ. ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ 1998ರಲ್ಲಿ ಶುರು ಮಾಡಿದ, ಸಂಶೋಧಕರಿಗೆ ಪ್ರೋಗ್ರಾಮಿಂಗ್ ಕಲಿಸುವ ಸಾಫ್ಟ್‌ವೇರ್ ಕಾರ್ಪೆಂಟ್ರಿಯ ಪಾಠಗಳಲ್ಲಿ ಬಳಸುವ ಉಪಾಯ ಅದು, ಮೇಷ್ಟ್ರು ಎಲ್ಲೋ ಓದಿ ತಂದದ್ದು. ಲ್ಯಾಪ್‌ಟಾಪಿನ ಮೇಲೆ ಹಸಿರು ಅಂಟಿಸಿದ್ದರೆ ಮುಗಿಯಿತು, ಗುಲಾಬಿ ಅಂಟಿಸಿದ್ದರೆ ಸಹಾಯ ಬೇಕು. ಕೈ ಎತ್ತಲು ನಾಚುವವರಿಗೆ ಒಳ್ಳೆಯದು. ಹೊಸ ಕಟ್ಟು ಕೊಳ್ಳಬೇಕು.

ಒಂದು ವಿಷಯ ಮಾತ್ರ ತೀರ್ಮಾನ ಆಗಿಲ್ಲ. ಪುಕ್ಕಟೆ ಅಂದರೆ ಹೆಸರು ಬರೆಸಿದವರಲ್ಲಿ ಅರ್ಧ ಜನ ಬರುವುದಿಲ್ಲ. ಹನ್ನೆರಡೇ ಜಾಗ ಇರುವಾಗ ಇದು ನಷ್ಟ. ನೂರು ರೂಪಾಯಿ ತೆಗೆದುಕೊಂಡು, ಬಂದವರಿಗೆ ಊಟದ ಹೊತ್ತಿನಲ್ಲಿ ವಾಪಸ್ ಕೊಡೋಣವಾ?

ಸಾಗರದ ಕಡೆಯವಳು
ಬುಧವಾರ ರಾತ್ರಿ 10:20

ಅಕ್ಕ, ಆ ನೂರು ವಾಪಸ್ ಬರುತ್ತೆ ಅಂತ ಮನೆಯಲ್ಲಿ ನಂಬಿಸುವುದು ಕಷ್ಟ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಅಂತ ಎಲ್ಲರೂ ಹೇಳುತ್ತಾರೆ. ಅದು ಸರ್ಕಾರಿ ಬಸ್ಸಿಗೆ. ನಮ್ಮ ಹಳ್ಳಿಗೆ ಬರುವುದು ಖಾಸಗಿ ಬಸ್ಸು. ಹೋಗಿ ಬರುವ ಚಾರ್ಜಿನ ಮೇಲೆ ಇನ್ನೂ ನೂರು ಅಂದರೆ ಬೇಡ ಅಂತಾರೆ. ಅದರ ಬದಲು ಹಿಂದಿನ ದಿನ ಒಬ್ಬೊಬ್ಬರಿಗೂ ಫೋನ್ ಮಾಡೋಣ. ಹನ್ನೆರಡು ಫೋನ್ ತಾನೇ, ನಾನು ಮಾಡುತ್ತೇನೆ.

ಬೆಂಗಳೂರು ಬಾಡಿಗೆದಾರ
ಬುಧವಾರ ರಾತ್ರಿ 10:41

ಸಿಎಸ್‌ಆರ್ ಹಣದ ಮಾತು ಬಿಡಿ, ಬಸ್ ಚಾರ್ಜು ನಾನು ಕೊಡಬಹುದಾ? ಹೆಸರು ಎಲ್ಲೂ ಹಾಕಬೇಡಿ. ಹೇಳಿಕೊಡಲೂ ಬರುತ್ತೇನೆ, ಶನಿವಾರ ರಾತ್ರಿ ರೈಲಿಗೆ.

ತುಂಗಾತೀರ
ಬುಧವಾರ ರಾತ್ರಿ 10:50

ಕೊಡಿ, ಬನ್ನಿ. ಠೇವಣಿ ಬೇಡ, ಫೋನೇ ಸರಿ. ತಾರೀಕು?

ತೋಟದ ಮನೆ
ಗುರುವಾರ ಬೆಳಿಗ್ಗೆ 5:40

ಮಳೆಗಾಲ ಬೇಡ, ಕರೆಂಟು ನಂಬುವ ಹಾಗಿಲ್ಲ. ಕೊಯ್ಲಿನ ದಿನಗಳಲ್ಲಿ ತೋಟದವರ ಮಕ್ಕಳು ಯಾರೂ ಬರುವುದಿಲ್ಲ, ನಾನೂ ಬರುವುದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ. ಉಳಿಯುವುದು ಫೆಬ್ರವರಿ ಮೊದಲ ಎರಡು ಭಾನುವಾರ. ಎರಡನೆಯದಕ್ಕೆ ನಮ್ಮ ಮನೆಯಲ್ಲಿ ಮದುವೆ.

ಹಳೇ ಮೇಷ್ಟ್ರು
ಗುರುವಾರ ಬೆಳಿಗ್ಗೆ 6:20

ಹಾಗಾದರೆ ಮೊದಲನೆಯದು. ಕೊನೆಯ ಸಲ ಊಟ ಮಾಡಿಕೊಟ್ಟ ಅಡುಗೆಯವರನ್ನು ನಿನ್ನೆ ಸಂತೆಯಲ್ಲಿ ನೋಡಿದೆ. "ಏನ್ ಸರ್, ಆ ಕಂಪ್ಯೂಟರ್ ಊಟ ನಿಲ್ಲಿಸಿಬಿಟ್ರಾ?" ಅಂದರು. ಅವರ ನಂಬರ್ ಈಗಲೇ ಇಲ್ಲಿರುವವರಲ್ಲಿ ಮೂವರಿಗೆ ಖಾಸಗಿಯಾಗಿ ಕಳಿಸಿದ್ದೇನೆ. ನೋಡಿ, ಕಲಿತೆ.

ಆರನೇ ಸೆಮ್
ಗುರುವಾರ ಮಧ್ಯಾಹ್ನ 12:15

ಎಕ್ಸ್‌ಟೆನ್ಷನ್ ಬೋರ್ಡ್ ವಿಷಯ ಯಾರೂ ಹೇಳಲಿಲ್ಲ. ಹಾಲಿನಲ್ಲಿ ಪ್ಲಗ್ ಎರಡೇ ಇದೆ, ಇವತ್ತು ನೋಡಿ ಬಂದೆ.

ಬಗ್ ಬೇಟೆ
ಗುರುವಾರ ರಾತ್ರಿ 9:05

ನಾಲ್ಕೂ ನಮ್ಮ ಮನೆ ಅಟ್ಟದಲ್ಲಿ ಸಿಕ್ಕವು. ಕೊನೇ ಸಲ ನಾನೇ ಒಯ್ದಿದ್ದೆನಂತೆ, ಅಮ್ಮ ನೆನಪಿಸಿದರು. ಎರಡರ ವೈರನ್ನು ಇಲಿ ಕಡಿದಿದೆ. ಇನ್ನೆರಡು ಚೆನ್ನಾಗಿವೆ, ಫ್ಯಾನ್ ಹಾಕಿ ನೋಡಿದೆ. ಭಾನುವಾರ ಬೆಳಿಗ್ಗೆ ತುಂಗಾತೀರ ಅವರ ಮನೆಗೆ ತಂದುಕೊಡುತ್ತೇನೆ, ಅಂಟುಚೀಟಿ ಚೀಲದ ಜೊತೆಗೇ ಇರಲಿ.